ತೋಟದ ಮನೆಗೆ ಎರಡು ಫೈಬರ್, ಒಂದು 4ಜಿ: ಮೂಡಿಗೆರೆಯಲ್ಲಿ ಲೋಡ್ ಬ್ಯಾಲೆನ್ಸಿಂಗ್ ರೂಟರ್ ಕಟ್ಟಿದ ಲಾಗ್

ಕೆಲಸ ಮುಗಿದು, ಈ ಸಲದ ಮುಂಗಾರಿನ ಮೊದಲ ಜೋರು ಗಾಳಿಯನ್ನೂ ದಾಟಿದೆ. ಲೋಡ್ ಬ್ಯಾಲೆನ್ಸಿಂಗ್ ಎಂದರೆ ಇರುವ ಲೈನುಗಳಿಗೆ ಕೆಲಸ ಹಂಚಿ, ಒಂದು ಬಿದ್ದರೆ ಇನ್ನೊಂದಕ್ಕೆ ತಿರುಗಿಸುವುದು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಹೋಂಸ್ಟೇ, ತೋಟದ ಆಫೀಸು, ಸೊಸೈಟಿ, ಶಾಲೆ ನಡೆಸುವ ಎಷ್ಟೋ ಜನ ಎರಡೆರಡು ಇಂಟರ್ನೆಟ್ ಲೈನಿಗೆ ದುಡ್ಡು ಕಟ್ಟುತ್ತಾರೆ, ಬೇಕಾದ ಹೊತ್ತಿಗೆ ಒಂದೂ ಸಿಗುವುದಿಲ್ಲ. ಅಂಥವರಿಗಾಗಿ ಇದು.

ಜಾಗ ಮೂಡಿಗೆರೆ ತಾಲ್ಲೂಕಿನ ಬಣಕಲ್‌ನಿಂದ ಸ್ವಲ್ಪ ಒಳಗೆ, ಚಿಕ್ಕಪ್ಪನ ಕಾಫಿ ತೋಟ. ಆಫೀಸಿನಲ್ಲಿ ರೈಟರು ಹಾಜರಿ, ಬಟವಾಡೆ, ಬ್ಯಾಂಕ್ ಕೆಲಸ ನೋಡುತ್ತಾರೆ. ಪಕ್ಕದಲ್ಲಿ ಆರು ರೂಮಿನ ಹೋಂಸ್ಟೇ. ಚಿಕ್ಕಪ್ಪನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ಇಡೀ ದಿನ ವಿಪಿಎನ್ (ಕಂಪನಿಯ ಜಾಲಕ್ಕೆ ಸುರಕ್ಷಿತ ಕೊಂಡಿ) ಮತ್ತು ಮೀಟಿಂಗು. ಗೇಟಿಗೆ, ಕಾಫಿ ಒಣಗಿಸುವ ಕಣಕ್ಕೆ ಸಿಸಿ ಕ್ಯಾಮೆರಾ. ಮೊದಲಿದ್ದ ವ್ಯವಸ್ಥೆ ಏನೆಂದರೆ 100 ಎಂಬಿಪಿಎಸ್‌ನ ಒಂದು ಫೈಬರ್, 50 ಎಂಬಿಪಿಎಸ್‌ನ ಇನ್ನೊಂದು, ಎರಡಕ್ಕೂ ಅವರವರದೇ ವೈಫೈ ಹೆಸರು. ಒಂದು ನಿಂತರೆ ಎಲ್ಲರೂ ಮೊಬೈಲ್ ಕೈಗೆತ್ತಿಕೊಂಡು ಇನ್ನೊಂದಕ್ಕೆ ಹಾರುತ್ತಿದ್ದರು. ಸರಿಹೋದ ಮೇಲೂ ಯಾರೂ ಹಿಂದಕ್ಕೆ ಬರುತ್ತಿರಲಿಲ್ಲ. 100ರ ಲೈನು ಖಾಲಿ ಬಿದ್ದಿರುತ್ತಿತ್ತು, 50ರದು ಉಸಿರುಗಟ್ಟುತ್ತಿತ್ತು.

"ಎಂತ ಮಾರಾಯ ಇದು, ಎರಡಕ್ಕೂ ದುಡ್ಡು ಕಟ್ತೀನಿ, ಮಳೆ ಹನಿದ್ರೆ ಒಂದೂ ಇಲ್ಲ. ನೀನೇ ಒಂದ್ಸಲ ನೋಡು," ಅಂದರು ಚಿಕ್ಕಪ್ಪ. ನಾನು ಚಿಕ್ಕಮಗಳೂರಿನಲ್ಲಿ ಇದೇ ಕೆಲಸ ಮಾಡುವವನು.

ಹಂತ 1: ಮೊದಲು ಕಂಬ ನೋಡಿದ್ದು

ಸಾಮಾನು ತರುವ ಮೊದಲು ಗೇಟಿನಿಂದ ಮುಖ್ಯ ರಸ್ತೆವರೆಗೆ ತಲೆಯೆತ್ತಿ ಕಂಬ ನೋಡುತ್ತಾ ನಡೆದೆವು, ನಾನು ಮತ್ತು ರೈಟರು. ಕಂಪನಿ ಎರಡು, ಆದರೆ ಕೊನೆಯ ಒಂದೂವರೆ ಕಿಲೋಮೀಟರು ಎರಡೂ ಫೈಬರ್ ಒಂದೇ ಕಂಬದ ಸಾಲಿನ ಮೇಲಿವೆ. ಕೆಲವು ಕಡೆ ಒಂದಕ್ಕೊಂದು ಸುತ್ತಿಕೊಂಡೇ ಬಂದಿವೆ. ಮೇಲಿರುವುದೆಲ್ಲ ಸಿಲ್ವರ್ ಓಕ್, ಅತ್ತಿ, ಹಲಸು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಒಂದು ಕೊಂಬೆ ಓರೆ ಬಿದ್ದರೆ ಎರಡೂ ಒಟ್ಟಿಗೆ ಹರಿಯುತ್ತವೆ. "ಹೋದ ವರ್ಷ ಮರಗಸಿ ಟೈಮಲ್ಲಿ ಹಂಗೇ ಆಗಿತ್ತು, ಎರಡೂ ಒಂದೇ ದಿನ ಹೋಗಿತ್ತು," ಎಂದು ರೈಟರು ನೆನಪಿಸಿಕೊಂಡರು.

ಕಂಪನಿ ಬೇರೆಯಾದರೆ ದಾರಿಯೂ ಬೇರೆ ಎಂದು ನಂಬಿ ಎರಡನೇ ಲೈನ್ ಹಾಕಿಸುವವರು ಇದನ್ನು ಕಣ್ಣಾರೆ ನೋಡಲೇಬೇಕು. ರೂಟರ್ ಎಷ್ಟೇ ಜಾಣವಾಗಿರಲಿ, ಹರಿದ ಎರಡು ತಂತಿಯಲ್ಲಿ ಅದು ಆರಿಸಲು ಏನೂ ಇರುವುದಿಲ್ಲ. ಕಂಬದ ಹಂಗಿಲ್ಲದ ಮೂರನೇ ದಾರಿಯಾಗಿ 4ಜಿ ಬೇಕು ಎಂದು ತೀರ್ಮಾನವಾದದ್ದು ಈ ನಡಿಗೆಯಲ್ಲೇ.

ಹಂತ 2: ಅಳತೆ

ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಒಂದೊಂದೇ ಒಎನ್‌ಟಿಗೆ (ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆ) ನೇರ ಸಿಕ್ಕಿಸಿ ಪಿಂಗ್ (ಪ್ಯಾಕೆಟ್, ಅಂದರೆ ಡೇಟಾದ ತುಂಡು, ಹೋಗಿ ಬರುವ ಸಮಯ) ಮತ್ತು ಟ್ರೇಸ್‌ರೂಟ್ (ಅದು ಸಾಗುವ ದಾರಿ) ತೆಗೆದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಹೊತ್ತು. ರಾತ್ರಿಯ ಅಳತೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ಎಲ್ಲರ ಮನೆಯ ಟಿವಿ ಓಡುವುದು ಆಗಲೇ.

ಇಲ್ಲಿಂದ ಬೆಂಗಳೂರಿಗೆ ಸುಮಾರು 250 ಕಿ.ಮೀ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಹೋಗಿ ಬರಲು 3 ಮಿಲಿಸೆಕೆಂಡು ಸಾಕು. ಅದರ ಮೇಲೆ ಕಂಡದ್ದೆಲ್ಲ ಸುತ್ತುದಾರಿಯ, ದಟ್ಟಣೆಯ ಲೆಕ್ಕ.

100ರ ಲೈನು ಬೆಳಿಗ್ಗೆ ಬೆಂಗಳೂರಿಗೆ 11 ಮಿಲಿಸೆಕೆಂಡು ತೋರಿಸಿತು, ರಾತ್ರಿ 40ರಿಂದ 60ರವರೆಗೆ ಏರಿಳಿಯಿತು. 50ರ ಲೈನಿನ ಟ್ರೇಸ್ ನೋಡಿದರೆ ಪ್ಯಾಕೆಟ್ ಮೊದಲು ಚೆನ್ನೈಗೆ ಹೋಗಿ ಅಲ್ಲಿಂದ ಬೆಂಗಳೂರಿಗೆ ತಿರುಗುತ್ತಿತ್ತು. ಅದಕ್ಕೇ 28 ಮಿಲಿಸೆಕೆಂಡು. ಆದರೆ ಬೆಳಿಗ್ಗೆಯೂ 28, ರಾತ್ರಿಯೂ 29. 4ಜಿ 50ರಿಂದ 80ರ ನಡುವೆ ಎಲ್ಲೋ ಒಂದು ಕಡೆ.

ಸ್ಪೀಡ್ ಟೆಸ್ಟ್ ಒಂದನ್ನೇ ನೋಡಿದ್ದರೆ 100ರ ಲೈನೇ ಎಲ್ಲದಕ್ಕೂ ಮೇಲು ಅನ್ನಿಸುತ್ತಿತ್ತು. ಮೀಟಿಂಗಿಗೆ, ವಿಪಿಎನ್‌ಗೆ ಬೇಕಾದ್ದು ಅಗಲವಲ್ಲ, ಅಲುಗಾಡದ ಸಮಯ. ಹಾಗಾಗಿ ಅವು 50ರ ಲೈನಿನಲ್ಲಿ ಹೋಗಬೇಕು. ಟಿವಿ, ಡೌನ್‌ಲೋಡು, ಅತಿಥಿಗಳ ಮೊಬೈಲು ಅಗಲದ ಲೈನಿನಲ್ಲಿ. ಮುಂದೆ ಬರೆದ ನಿಯಮಗಳಿಗೆಲ್ಲ ಬುಡ ಈ ಅಳತೆಯೇ.

ಹಂತ 3: ಸಾಮಾನು, ಖರ್ಚು

ರೂಟರ್ ಮೈಕ್ರೋಟಿಕ್ ಹೆಕ್ಸ್, ಅದರ ಸಾಫ್ಟ್‌ವೇರ್ ರೂಟರ್‌ಒಎಸ್ 7. ಐದು ಗಿಗಾಬಿಟ್ ಪೋರ್ಟ್, ಯಾವುದನ್ನು ಬೇಕಾದರೂ ಹೊರಗಿನ ಲೈನಿಗೆ ಬಳಸಬಹುದು. 8ರಿಂದ 30 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ, ಆದ್ದರಿಂದ 12 ವೋಲ್ಟಿನ ಮಿನಿ ಯುಪಿಎಸ್‌ಗೆ ನೇರ ಕೊಡಬಹುದು. ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಳ್ಳುವ ಆ ಕ್ಷಣದಲ್ಲಿ ಒಎನ್‌ಟಿ ರೀಸ್ಟಾರ್ಟ್ ಆಗಿ ನಿಮಿಷಗಟ್ಟಲೆ ಕಾಯಿಸುವುದು ಇದರಿಂದ ತಪ್ಪಿತು.

ರೂಟರ್ 5,800, ಹೊರಗೆ ಕಟ್ಟುವ 4ಜಿ ಯೂನಿಟ್ 7,500, ಹೊರಾಂಗಣದ ಕ್ಯಾಟ್ 6 ಕೇಬಲ್ 40 ಮೀಟರ್ 1,400, ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಎರಡಕ್ಕೆ 1,800, ಮಿನಿ ಯುಪಿಎಸ್ ಎರಡಕ್ಕೆ 3,400, ಪೆಟ್ಟಿಗೆ, ಕ್ಲ್ಯಾಂಪು, ಪ್ಯಾಚ್ ಕಾರ್ಡು ಸೇರಿ 1,100. ಒಟ್ಟು 21,000 ರೂಪಾಯಿ.

4ಜಿ ಯೂನಿಟನ್ನು ಮನೆಯ ಸೂರಿನಡಿ ಇಟ್ಟಾಗ ಆರ್‌ಎಸ್‌ಆರ್‌ಪಿ (ಸಿಗ್ನಲ್ಲಿನ ಬಲ) ಮೈನಸ್ 112 ಡಿಬಿಎಂ, ಎಸ್‌ಐಎನ್‌ಆರ್ (ಗದ್ದಲದ ಎದುರು ಸಿಗ್ನಲ್ಲಿನ ಸ್ಪಷ್ಟತೆ) 2. ಹಿತ್ತಲಿನ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಏರಿಸಿ, ಯೂನಿಟ್ಟಿನ ಸಿಗ್ನಲ್ ಪೇಜು ತೆರೆದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಮೈನಸ್ 96ಕ್ಕೂ 13ಕ್ಕೂ ಬಂತು. ಅಲ್ಲೇ ಬೋಲ್ಟ್ ಬಿಗಿದೆ. ಇಲ್ಲಿ ಇಷ್ಟಕ್ಕೆ 12ರಿಂದ 20 ಎಂಬಿಪಿಎಸ್ ಬರುತ್ತದೆ. ಎದುರಿನ ಮರದ ಎಲೆ ಒದ್ದೆಯಾದಾಗ ಇಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಸಿಡಿಲಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ಯಾಂಕಿನಿಂದ ಇಳಿಯುವ ತಾಮ್ರದ ಕೇಬಲ್ಲಿನ ಎರಡು ತುದಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ತ್‌ಗೆ ಕಟ್ಟಿದೆ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನ ಬೆನ್ನಿಗೆ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಸೀಳಿ, ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು. ಇಲ್ಲಿ ಎರಡೂ ಲೈನಿನ ಉಕ್ಕಿನ ತಂತಿ ಕಿಟಕಿ ದಾಟಿ ಒಎನ್‌ಟಿಯ ಪಕ್ಕದವರೆಗೂ ಬಂದಿತ್ತು. ಮೊದಲು ಅದನ್ನು ತೆಗೆದೆ.

ಹಂತ 4: ವಿಳಾಸ ಬಿಡಿಸಿದ್ದು

ಒಂದನೇ ಪೋರ್ಟಿಗೆ 100ರ ಲೈನು, ಎರಡನೆಯದಕ್ಕೆ 50ರದು, ಮೂರಕ್ಕೆ 4ಜಿ. ನಾಲ್ಕು, ಐದು ಮನೆಯ ಕಡೆಗೆ, 192.168.50.1. ಹಳೆಯ ಎರಡೂ ವೈಫೈ ಆಫ್ ಮಾಡಿ ಒಂದೇ ಹೆಸರಿನಲ್ಲಿ ಆಕ್ಸೆಸ್ ಪಾಯಿಂಟ್‌ಗಳನ್ನು ಇದರ ಹಿಂದೆ ಹಾಕಿದೆ.

50ರ ಲೈನಿನ ಒಎನ್‌ಟಿಯೂ 192.168.1.1, 4ಜಿ ಯೂನಿಟೂ 192.168.1.1. ಎರಡು ಗೇಟ್‌ವೇಗೆ (ಹೊರಗೆ ಹೋಗುವ ಬಾಗಿಲಿಗೆ) ಒಂದೇ ವಿಳಾಸ ಇದ್ದರೆ ಮುಂದಿನ ಯಾವ ರೂಟೂ (ದಾರಿಯೂ) ನೆಟ್ಟಗಾಗುವುದಿಲ್ಲ. 4ಜಿಯದನ್ನು 192.168.8.1 ಮಾಡಿದೆ. 100ರ ಲೈನಿನ ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ಡೇಟಾ ದಾಟಿಸುವುದಷ್ಟೇ ಅದರ ಕೆಲಸ) ಹಾಕಿಸಿ ಪಿಪಿಪಿಒಇ (ಯೂಸರ್ ನೇಮು ಕೊಟ್ಟು ಕಂಪನಿಗೆ ಲಾಗಿನ್ ಆಗುವ) ಡಯಲ್ ಅನ್ನು ಹೆಕ್ಸ್‌ಗೇ ತಂದೆ. ಯೂಸರ್ ನೇಮು, ಪಾಸ್‌ವರ್ಡಿನ ಜೊತೆ ವಿಲ್ಯಾನ್ (ಕಂಪನಿ ಆ ಲೈನಿಗೆ ಕೊಟ್ಟ ಗುರುತಿನ) ನಂಬರನ್ನೂ ಕೇಳಿ ಬರೆದುಕೊಳ್ಳಿ. ಅದಿಲ್ಲದೆ ಡಯಲ್ ಆಗದೆ ಒದ್ದಾಡುವವರು ಬಹಳ.

ಪಿಪಿಪಿಒಇ ಮತ್ತು ಡಿಎಚ್‌ಸಿಪಿ (ವಿಳಾಸವನ್ನು ತಾನೇ ಪಡೆಯುವ) ಕ್ಲೈಂಟ್ ಎರಡರಲ್ಲೂ "ಆ್ಯಡ್ ಡೀಫಾಲ್ಟ್ ರೂಟ್" (ಹೊರಗಿನ ಎಲ್ಲದಕ್ಕೂ ಬಳಸುವ ದಾರಿಯನ್ನು ತಾನೇ ಸೇರಿಸುವುದು) ತೆಗೆದುಹಾಕಬೇಕು. ಇಲ್ಲದಿದ್ದರೆ ನಾವು ಬರೆಯುವ ರೂಟುಗಳ ಮಧ್ಯೆ ಅವು ತಾವೇ ಬಂದು ಕೂರುತ್ತವೆ.

ಹಂತ 5: ಇಸಿಎಂಪಿ, ಕೈಬಿಟ್ಟದ್ದು

ಇಸಿಎಂಪಿ, ಅಂದರೆ ಸಮಾನ ದಾರಿಗಳಿಗೆ ಸಮಸಮ ಹಂಚುವುದು, ಅತಿ ಸುಲಭದ ವಿಧಾನ. ಎರಡು ಡೀಫಾಲ್ಟ್ ರೂಟ್, ಎರಡಕ್ಕೂ ಸಮ ಡಿಸ್ಟೆನ್ಸ್ (ಈ ಅಂಕಿ ಕಡಿಮೆ ಇರುವ ದಾರಿ ಮೊದಲ ಆಯ್ಕೆ), ಅಷ್ಟೇ. ಕನೆಕ್ಷನ್‌ಗಳನ್ನು ರೂಟರ್ ತಾನೇ ಎರಡಕ್ಕೂ ಹಂಚುತ್ತದೆ. ಎರಡು ಫೈಬರಿಗೂ ಹೀಗೆ ಹಾಕಿ ಬಿಟ್ಟು ನೋಡಿದೆವು.

ಹಂಚಿಕೆ ಸಮಸಮ, ಲೈನು 100 ಮತ್ತು 50. ಸಂಜೆಯಾದ ಕೂಡಲೇ ಸಣ್ಣ ಲೈನು ತುಂಬಿಹೋಯಿತು. ಅದು ಸಣ್ಣ ತೊಂದರೆ. ದೊಡ್ಡದು ಗೊತ್ತಾದದ್ದು 50ರ ಲೈನಿನ ಫೈಬರನ್ನು ಬೇಕೆಂದೇ ಕಿತ್ತಾಗ. ಒಎನ್‌ಟಿಯ ಎಲ್‌ಒಎಸ್ ದೀಪ (ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂಬ ಸೂಚನೆ) ಕೆಂಪಗೆ ಮಿನುಗಿತು. ಆದರೆ ಒಎನ್‌ಟಿಗೂ ಹೆಕ್ಸ್‌ಗೂ ನಡುವಿನ ಈಥರ್ನೆಟ್ ಹಸಿರಾಗೇ ಇತ್ತು, 192.168.1.1 ಪಿಂಗಿಗೆ ಉತ್ತರ ಕೊಡುತ್ತಲೇ ಇತ್ತು. ಹೆಕ್ಸ್‌ನ ಕಣ್ಣಿಗೆ ಆ ದಾರಿ ಗಟ್ಟಿಮುಟ್ಟಾಗಿದೆ. ಅರ್ಧ ಕನೆಕ್ಷನ್‌ಗಳು ಅದರಲ್ಲಿ ಹೋಗಿ ಕಳೆದುಹೋಗುತ್ತಿದ್ದವು. ವಾಟ್ಸಾಪ್ ಬರುತ್ತದೆ, ಬ್ಯಾಂಕ್ ತೆರೆಯುವುದಿಲ್ಲ. ಒಬ್ಬರ ಮೊಬೈಲಲ್ಲಿ ಇದೆ, ಪಕ್ಕದವರದರಲ್ಲಿ ಇಲ್ಲ. ಪೂರ್ತಿ ಸತ್ತ ಲೈನಿಗಿಂತ ಇದು ಹೆಚ್ಚು ಸತಾಯಿಸುತ್ತದೆ. ಪೂರ್ತಿ ನಿಂತರೆ ಜನ ಹೇಳುತ್ತಾರೆ, ಅರ್ಧ ನಿಂತರೆ ತಮ್ಮ ಮೊಬೈಲೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಹಂತ 6: ಲೈನು ನಿಜವಾಗಿ ಬದುಕಿದೆಯೇ ಎಂದು ತಿಳಿಯುವುದು

ಗೇಟ್‌ವೇಯನ್ನು ಪಿಂಗ್ ಮಾಡಿ ಪ್ರಯೋಜನವಿಲ್ಲ, ಅದರಾಚೆ ಇಂಟರ್ನೆಟ್ಟಿನೊಳಗಿನ ಒಂದು ವಿಳಾಸವನ್ನು ಮುಟ್ಟಿ ನೋಡಬೇಕು. ಇದಕ್ಕೆ ರಿಕರ್ಸಿವ್ ರೂಟ್, ಅಂದರೆ ಒಂದು ದಾರಿಯನ್ನು ಇನ್ನೊಂದು ದಾರಿಯ ಮೂಲಕ ಹುಡುಕುವುದು.

ಮೊದಲು ಒಂದು ಹೋಸ್ಟ್ ರೂಟ್ (ಒಂದೇ ವಿಳಾಸಕ್ಕೆ ದಾರಿ): 1.0.0.1 (ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹೇಳುವ ಸರ್ವರು) ತಲುಪಲು 192.168.1.1ರ ಮೂಲಕವೇ ಹೋಗಬೇಕು, ಸ್ಕೋಪ್ 10 (ಯಾವ ರೂಟು ಯಾವುದನ್ನು ಆಧರಿಸಬಹುದು ಎಂಬ ಅಂಕಿ). ಆಮೇಲೆ 50ರ ಲೈನಿನ ಡೀಫಾಲ್ಟ್ ರೂಟ್: ಗೇಟ್‌ವೇ ಇರುವ ಜಾಗದಲ್ಲಿ 1.0.0.1 ಎಂದೇ ಬರೆದು, ಟಾರ್ಗೆಟ್ ಸ್ಕೋಪ್ 11, ಚೆಕ್ ಗೇಟ್‌ವೇ ಪಿಂಗ್. ಈಗ 10 ಸೆಕೆಂಡಿಗೊಮ್ಮೆ ಹೆಕ್ಸ್ ಆ ವಿಳಾಸವನ್ನು ಮುಟ್ಟುತ್ತದೆ. ಸತತ ಎರಡು ಸಲ ಉತ್ತರ ಬಾರದಿದ್ದರೆ ರೂಟನ್ನು ಕೆಳಗಿಳಿಸುತ್ತದೆ. ಆವೃತ್ತಿ 6ರ ಹಳೆಯ ಕಾನ್ಫಿಗ್‌ಗಳಲ್ಲಿ ಟಾರ್ಗೆಟ್ ಸ್ಕೋಪ್ 10 ಇರುತ್ತದೆ. ಅದನ್ನೇ 7ಕ್ಕೆ ತಂದರೆ ರೂಟ್ ಜೀವ ಪಡೆಯುವುದೇ ಇಲ್ಲ, 11 ಬೇಕು.

100ರ ಲೈನಿಗೆ 208.67.222.222, 4ಜಿಗೆ 9.9.9.9, ಇವೂ ಅಂಥವೇ ಸರ್ವರುಗಳು. ಗೂಗಲ್‌ನ 8.8.8.8 ಅನ್ನು ಬೇಕೆಂದೇ ಬಿಟ್ಟೆ. ತಪಾಸಣೆಗೆ ಕಟ್ಟಿಹಾಕಿದ ವಿಳಾಸ ಒಂದೇ ಲೈನಿಗೆ ಅಂಟಿಕೊಂಡಿರುತ್ತದೆ. ಕೆಲವು ಟಿವಿ ಸ್ಟಿಕ್‌ಗಳು ನಾವು ಯಾವ ಡಿಎನ್‌ಎಸ್ ಕೊಟ್ಟರೂ 8.8.8.8 ಅನ್ನೇ ಹಿಡಿದು ಕೂರುತ್ತವೆ, ಆ ಲೈನು ಬಿದ್ದರೆ ಅವೂ ಬಿದ್ದವು.

ಒಂದು ವಿಳಾಸದ ಮೇಲೆ ನಂಬಿಕೆ ಇಡುವುದೂ ಸಾಲದು. ಒಂದು ಸಂಜೆ ಲೈನು ಚೆನ್ನಾಗೇ ಇತ್ತು, ತಪಾಸಣೆಯ ವಿಳಾಸ ಉತ್ತರ ಕೊಡಲಿಲ್ಲ, ಹೆಕ್ಸ್ ಒಳ್ಳೆಯ ಲೈನನ್ನು ಹೊರಗಿಟ್ಟಿತು. ಆಮೇಲೆ ಪ್ರತಿ ಲೈನಿಗೂ ಬೇರೆ ಸಂಸ್ಥೆಯ ಎರಡನೇ ವಿಳಾಸ ಕೊಟ್ಟು, ಡಿಸ್ಟೆನ್ಸ್ 2ರಲ್ಲಿ ಇನ್ನೊಂದು ಡೀಫಾಲ್ಟ್ ರೂಟ್ ಹಾಕಿದೆ. ಎರಡೂ ಸುಮ್ಮನಾದರೆ ಮಾತ್ರ ಲೈನು ಸತ್ತಂತೆ.

ಮಳೆಗಾಲದ ಅಸಲಿ ಕಾಯಿಲೆ ಮಾತ್ರ ಬೇರೆ. ಲೈನು ಸಾಯುವುದಿಲ್ಲ, ಕುಂಟುತ್ತದೆ. ಜೋಡಣೆಯ ಪೆಟ್ಟಿಗೆಗೆ ನೀರು ಹೋಗಿಯೋ ಫೈಬರ್ ಬಾಗಿಯೋ ನೂರು ಪ್ಯಾಕೆಟ್‌ನಲ್ಲಿ ಇಪ್ಪತ್ತು ಬೀಳುತ್ತವೆ. ಎರಡರಲ್ಲಿ ಒಂದು ಪಿಂಗ್ ದಾಟಿದರೂ ಚೆಕ್ ಗೇಟ್‌ವೇಗೆ ಅದು ಆರೋಗ್ಯವಂತ ಲೈನು. ಮೀಟಿಂಗಿನಲ್ಲಿರುವವರಿಗೆ ಮಾತು ತುಂಡು ತುಂಡು. ಇದಕ್ಕೆ ಹೆಕ್ಸ್‌ನಲ್ಲೇ ಇರುವ ನೆಟ್‌ವಾಚ್ ಎಂಬ ಕಾವಲಿನ ಐಸಿಎಂಪಿ (ಪಿಂಗ್) ಬಗೆ ಬಳಸಿದೆ. ಒಮ್ಮೆಗೆ 20 ಪ್ಯಾಕೆಟ್ ಕಳಿಸಿ, ಶೇ. 15ಕ್ಕಿಂತ ಹೆಚ್ಚು ಬಿದ್ದರೆ ಅಥವಾ ಸರಾಸರಿ 150 ಮಿಲಿಸೆಕೆಂಡು ಮೀರಿದರೆ "ಡೌನ್" ಸ್ಕ್ರಿಪ್ಟ್ ಓಡಿ ಆ ಲೈನಿನ ಡೀಫಾಲ್ಟ್ ರೂಟುಗಳನ್ನು ಆಫ್ ಮಾಡುತ್ತದೆ. 4ಜಿಗೆ ಮಿತಿಯನ್ನು 300 ಮಿಲಿಸೆಕೆಂಡಿಗೆ ಸಡಿಲಿಸಿದೆ. ಸ್ಕ್ರಿಪ್ಟ್ ಆಫ್ ಮಾಡಬೇಕಾದ್ದು ಡೀಫಾಲ್ಟ್ ರೂಟನ್ನು ಮಾತ್ರ. ತಪಾಸಣೆಯ ಹೋಸ್ಟ್ ರೂಟ್ ಹಾಗೇ ಇರಬೇಕು, ಇಲ್ಲದಿದ್ದರೆ ಲೈನು ಸರಿಹೋದದ್ದು ತಿಳಿಯಲು ದಾರಿಯೇ ಉಳಿಯುವುದಿಲ್ಲ.

ಸರಿಹೋದ ಕೂಡಲೇ ಒಳಗೆ ಸೇರಿಸಿಕೊಳ್ಳುವುದೂ ಬೇಡ. ಗಾಳಿಯ ಹೊತ್ತಿನಲ್ಲಿ ಲೈನು ಎದ್ದು ಬಿದ್ದು ಮಾಡುತ್ತದೆ, ಪ್ರತಿ ಸಲವೂ ಎಲ್ಲರ ಕನೆಕ್ಷನ್ ಹರಿಯುತ್ತದೆ. "ಅಪ್" ಸ್ಕ್ರಿಪ್ಟ್ 3 ನಿಮಿಷ ಕಾದು, ಮತ್ತೊಮ್ಮೆ ಅಳೆದು, ಆಮೇಲೆ ಸೇರಿಸುತ್ತದೆ.

ಹಂತ 7: ಪಿಸಿಸಿ

ಹಂಚಿಕೆಗೆ ಪರ್ ಕನೆಕ್ಷನ್ ಕ್ಲಾಸಿಫೈಯರ್ (ಪಿಸಿಸಿ) ಆಯ್ದುಕೊಂಡೆ. ಪ್ರತಿ ಕನೆಕ್ಷನ್ನಿನ ವಿಳಾಸಗಳಿಂದ ಒಂದು ಸಂಖ್ಯೆ ಕಟ್ಟಿ, ಅದನ್ನು ಭಾಗಿಸಿ, ಶೇಷ ನೋಡಿ ದಾರಿ ಹೇಳುತ್ತದೆ. ಲೈನುಗಳು 100 ಮತ್ತು 50, ಹಾಗಾಗಿ 3ರಿಂದ ಭಾಗಿಸಿ ಶೇಷ 0 ಮತ್ತು 1 ಬಂದವು ದೊಡ್ಡ ಲೈನಿಗೆ, 2 ಬಂದವು ಸಣ್ಣದಕ್ಕೆ. 4ಜಿ ಈ ಹಂಚಿಕೆಯಲ್ಲಿಲ್ಲ, ಅದರ ಡೇಟಾಗೆ ಮಿತಿ ಇದೆ.

ಮೊದಲು ಮೂರು ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ). ಆವೃತ್ತಿ 7ರಲ್ಲಿ ಟೇಬಲ್ಲನ್ನು ಹೆಸರು ಕೊಟ್ಟು, ಫಿಬ್ (ಪ್ಯಾಕೆಟ್ ಕಳಿಸಲು ಬಳಸುವ ಟೇಬಲ್ ಎಂಬ) ಗುರುತು ಹಾಕಿ ಮೊದಲೇ ಸೃಷ್ಟಿಸಬೇಕು, ಮಾರ್ಕ್ ಹಾಕಿದ ಮಾತ್ರಕ್ಕೆ ತಾನಾಗಿ ಹುಟ್ಟುವುದಿಲ್ಲ. ಪ್ರತಿ ಟೇಬಲ್ಲಿನಲ್ಲೂ ತನ್ನ ಲೈನು ಮೊದಲು, ಹೆಚ್ಚಿನ ಡಿಸ್ಟೆನ್ಸ್‌ನಲ್ಲಿ ಉಳಿದವು.

ಪ್ಯಾಕೆಟ್‌ಗಳಿಗೆ ಗುರುತು ಹಾಕುವ ಮ್ಯಾಂಗಲ್‌ನಲ್ಲಿ ನಿಯಮಗಳ ಸಾಲು ಮುಖ್ಯ, ಹಿಂದುಮುಂದಾದರೆ ಕೆಡುತ್ತದೆ. ನಮ್ಮದೇ ಒಳಗಿನ ವಿಳಾಸಗಳಿಗೆ ಹೋಗುವುದನ್ನು ಮುಟ್ಟದೆ ಬಿಡುವ ನಿಯಮ ಮೊದಲು. ಹೊರಗಿನಿಂದ ಒಳಬಂದ ಕನೆಕ್ಷನ್‌ಗೆ ಅದು ಬಂದ ಲೈನಿನದೇ ಗುರುತು, ಉತ್ತರ ಅದೇ ದಾರಿಯಲ್ಲಿ ಹೋಗಲಿ ಎಂದು. ಆಮೇಲೆ ಹಂತ 8ರ ವಿಶೇಷ ನಿಯಮಗಳು. ಅದರ ನಂತರ, ಇನ್ನೂ ಗುರುತಿಲ್ಲದ ಕನೆಕ್ಷನ್‌ಗಳಿಗೆ ಪಿಸಿಸಿ. ಕೊನೆಗೆ ಕನೆಕ್ಷನ್ನಿನ ಗುರುತು ನೋಡಿ ರೂಟಿಂಗ್ ಮಾರ್ಕ್.

ಹಾಕಿ ಮುಗಿಸಿದಾಗ ಪೇಜುಗಳು ಅರ್ಧ ತೆರೆದು ನಿಲ್ಲುತ್ತಿದ್ದವು. ಕಾರಣ ಫಾಸ್ಟ್‌ಟ್ರ್ಯಾಕ್. ಡೀಫಾಲ್ಟ್ ಫೈರ್‌ವಾಲ್‌ನಲ್ಲೇ ಇರುವ ಈ ನಿಯಮ ಕನೆಕ್ಷನ್ ಸ್ಥಾಪನೆಯಾದ ಮೇಲೆ ಅದರ ಪ್ಯಾಕೆಟ್‌ಗಳನ್ನು ಮ್ಯಾಂಗಲ್ ಮುಟ್ಟದಂತೆ ದಾಟಿಸುತ್ತದೆ. ಮೊದಲ ಪ್ಯಾಕೆಟ್‌ಗಳು ಗುರುತಿನ ದಾರಿಯಲ್ಲಿ, ಉಳಿದವು ಮೇನ್ ಟೇಬಲ್ಲಿನ ದಾರಿಯಲ್ಲಿ. ಅದನ್ನು ಆಫ್ ಮಾಡಿದ ಕೂಡಲೇ ಎಲ್ಲ ಸರಿಯಾಯಿತು. ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ ಎಂಬ ಭಯ ಇತ್ತು. ಎರಡೂ ಲೈನು ತುಂಬಿ ಓಡುವಾಗಲೂ ಶೇ. 30 ದಾಟಲಿಲ್ಲ.

ಯಾವುದನ್ನು ಹಿಡಿದು ಸಂಖ್ಯೆ ಕಟ್ಟಬೇಕು ಎಂಬುದರಲ್ಲಿ ಹೆಚ್ಚು ಹೊತ್ತು ಹೋಯಿತು. ವಿಳಾಸ ಮತ್ತು ಪೋರ್ಟ್ (ಕನೆಕ್ಷನ್ನಿನ ನಂಬರು, ರೂಟರಿನ ತೂತಲ್ಲ) ಎರಡನ್ನೂ ಹಿಡಿದರೆ ಹಂಚಿಕೆ ಬಹಳ ನುಣುಪು, ಒಂದೇ ಮೊಬೈಲು ಎರಡೂ ಲೈನಿನ ವೇಗ ಪಡೆಯುತ್ತದೆ. ಆದರೆ ರೈಟರು ಬ್ಯಾಂಕಿಗೆ ಲಾಗಿನ್ ಆಗುತ್ತಿದ್ದಂತೆ ಹೊರಗೆ ತಳ್ಳುತ್ತಿತ್ತು. ಲಾಗಿನ್ ಒಂದು ಲೈನಿನ ಐಪಿಯಿಂದ, ಮುಂದಿನ ಪೇಜು ಇನ್ನೊಂದರಿಂದ. ಬ್ಯಾಂಕಿಗೆ ಅದು ಕಳ್ಳತನದಂತೆ ಕಾಣುವುದು ಸರಿಯೇ. ವಿಪಿಎನ್ ಕೂಡ ನಿಂತಿತು. ಆ ವಿಪಿಎನ್ ಬಳಸುವ ಐಪಿಸೆಕ್ ಮಾತು ಶುರುಮಾಡುವುದು ಯುಡಿಪಿ ಪೋರ್ಟ್ 500ರಲ್ಲಿ, ನ್ಯಾಟ್ (ರೂಟರಿನಲ್ಲಿ ವಿಳಾಸ ಬದಲಾಗುವುದು) ಕಂಡರೆ 4500ಕ್ಕೆ ದಾಟುತ್ತದೆ. ಪೋರ್ಟ್ ಬದಲಾದಾಗ ಲೈನೂ ಬದಲಾಗಿ ಆ ಕಡೆಯ ಸರ್ವರಿಗೆ ಇದು ಯಾರೋ ಹೊಸಬರು.

ಮೂಲ ವಿಳಾಸ ಒಂದನ್ನೇ ಹಿಡಿದು ನೋಡಿದೆ. ಒಬ್ಬರಿಗೆ ಯಾವಾಗಲೂ ಒಂದೇ ಲೈನು, ಏನೂ ಮುರಿಯುವುದಿಲ್ಲ. ಆದರೆ ಹೆಚ್ಚು ಎಳೆಯುವ ಇಬ್ಬರು ಒಂದೇ ಲೈನಿಗೆ ಬಿದ್ದರೆ ಇನ್ನೊಂದು ಸುಮ್ಮನೆ ಕೂತಿರುತ್ತದೆ. ಕೊನೆಗೆ ನಿಲ್ಲಿಸಿದ್ದು ಮೂಲ ಮತ್ತು ಗುರಿ ಎರಡೂ ವಿಳಾಸ ಹಿಡಿಯುವುದಕ್ಕೆ. ಒಂದು ಮೊಬೈಲು ಒಂದು ಸರ್ವರಿನ ಜೊತೆ ಎಷ್ಟು ಕನೆಕ್ಷನ್ ತೆರೆದರೂ ಎಲ್ಲ ಒಂದೇ ಲೈನಿನಲ್ಲಿ. ಇಂಥ ಜಾಗಕ್ಕೆ ಇದೇ ಸರಿ ಎಂದು ಈಗ ನಂಬಿದ್ದೇನೆ.

ಹಂತ 8: ಯಾರಿಗೆ ಯಾವ ದಾರಿ

ಅದೂ ಎಲ್ಲವನ್ನೂ ಬಗೆಹರಿಸುವುದಿಲ್ಲ. ಬ್ಯಾಂಕಿನ ಪೇಜು ಒಂದು ಸರ್ವರಿನಲ್ಲಿ, ದುಡ್ಡು ಕಟ್ಟುವ ಪೇಜು ಇನ್ನೊಂದರಲ್ಲಿ ಇರುತ್ತದೆ. ಗುರಿ ವಿಳಾಸ ಬದಲಾದರೆ ಲೈನೂ ಬದಲಾಗಬಹುದು. ಡೊಮೇನ್ ಹೆಸರುಗಳನ್ನು ಅಡ್ರೆಸ್ ಲಿಸ್ಟಿಗೆ ಸೇರಿಸಿ ನೋಡಿದೆ. ಹೆಕ್ಸ್ ಅವುಗಳ ಐಪಿ ಹುಡುಕಿ ತಾನೇ ತುಂಬಿಕೊಳ್ಳುತ್ತದೆ, ಆದರೆ ಬರೆದ ಹೆಸರಿಗೆ ಮಾತ್ರ, ಅದರಡಿಯ ಉಳಿದ ಹೆಸರುಗಳಿಗಲ್ಲ. ಪಟ್ಟಿ ಬೆಳೆಯುತ್ತಲೇ ಹೋಯಿತು. ಅದನ್ನು ಬಿಟ್ಟು ಸರಳವಾಗಿ, ಆಫೀಸಿನ ಕಂಪ್ಯೂಟರಿಗೂ ಚಿಕ್ಕಪ್ಪನ ಮೊಬೈಲಿಗೂ ಸ್ಥಿರ ಐಪಿ ಕೊಟ್ಟು, ಅವೆರಡರದ್ದು ಏನಿದ್ದರೂ 50ರ ಲೈನಿಗೆ ಎಂದು ಬರೆದೆ. ಬ್ಯಾಂಕಿಗೆ ಬೇಕಾದ್ದು ವೇಗವಲ್ಲ, ಬದಲಾಗದ ವಿಳಾಸ. ಚಿಕ್ಕಪ್ಪನ ಮಗಳ ಲ್ಯಾಪ್‌ಟಾಪೂ ಅದೇ ಪಟ್ಟಿಯಲ್ಲಿ, ಹಂತ 2ರ 28 ಮಿಲಿಸೆಕೆಂಡಿನ ಕಾರಣಕ್ಕೆ.

ಟಿವಿಗಳ ಕಥೆ ಸ್ವಲ್ಪ ಸೂಕ್ಷ್ಮ. ಪಿಸಿಸಿ ಹಾಕಿದ ಮೇಲೂ ರಾತ್ರಿ ವಿಡಿಯೋ ತಡೆತಡೆದು ಬರುತ್ತಿತ್ತು, ಎರಡೂ ಲೈನಿನಲ್ಲಿ ಜಾಗ ಇದ್ದರೂ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವು ವಿಡಿಯೋದ ಪ್ರತಿ ಇಟ್ಟುಕೊಳ್ಳುವ ತಮ್ಮ ಕ್ಯಾಶ್ ಸರ್ವರುಗಳನ್ನು ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಇಟ್ಟಿರುತ್ತವೆ. ಯಾವ ಕ್ಯಾಶ್ ಸಿಗುತ್ತದೆ ಎಂಬುದರಲ್ಲಿ ಕೆಲವು ಸೇವೆಗಳಿಗೆ ಡಿಎನ್‌ಎಸ್ ಉತ್ತರದ ಪಾತ್ರವೂ ಇರುತ್ತದೆ. ಹೆಕ್ಸ್‌ನ ಡಿಎನ್‌ಎಸ್ ಪ್ರಶ್ನೆ ಒಂದು ಕಂಪನಿಯ ಮೂಲಕ ಹೋಗಿ ಅವರ ಮನೆಯೊಳಗಿನ ಕ್ಯಾಶ್‌ನ ವಿಳಾಸ ತರುತ್ತಿತ್ತು, ಪಿಸಿಸಿ ಆ ಕನೆಕ್ಷನ್ನನ್ನು ಇನ್ನೊಂದು ಕಂಪನಿಯ ಲೈನಿಗೆ ಹಾಕುತ್ತಿತ್ತು. ಹತ್ತಿರದಲ್ಲಿದ್ದ ವಿಡಿಯೋ ಊರೆಲ್ಲ ಸುತ್ತಿ ಬರುತ್ತಿತ್ತು. ಡಿಎನ್‌ಎಸ್ ಪ್ರಶ್ನೆಗಳನ್ನೂ ಎಲ್ಲ ಟಿವಿಗಳನ್ನೂ 100ರ ಲೈನಿಗೇ ಕಟ್ಟಿದೆ, ತಡೆ ನಿಂತಿತು. ಆ ಲೈನು ಬಿದ್ದಾಗ ಓಡುವ ಸ್ಕ್ರಿಪ್ಟಿನಲ್ಲಿ ಡಿಎನ್‌ಎಸ್ ಕ್ಯಾಶ್ ಖಾಲಿ ಮಾಡಿ, ಇನ್ನೊಂದು ಲೈನಿನ ಡಿಎನ್‌ಎಸ್‌ಗೆ ತಿರುಗಿಸುವ ಸಾಲೂ ಸೇರಿತು.

ಎರಡೂ ಫೈಬರ್ ಹೋದಾಗ 4ಜಿಯನ್ನು ಟಿವಿ ಮತ್ತು ಕ್ಯಾಮೆರಾ ನುಂಗಬಾರದು. ಅವುಗಳಿಗೆ ಬೇರೆಯೇ ಒಂದು ಟೇಬಲ್. ಅದರ ಕೊನೆಯಲ್ಲಿ 4ಜಿ ಇಲ್ಲ, ಬಂದದ್ದನ್ನೆಲ್ಲ ಎಸೆಯುವ ಬ್ಲ್ಯಾಕ್‌ಹೋಲ್ ರೂಟ್ ಇದೆ. ಅತಿಥಿಗಳಿಗೆ 4ಜಿಯಲ್ಲಿ ತಲಾ 2 ಎಂಬಿಪಿಎಸ್. ಆಫೀಸಿಗೆ, ವಿಪಿಎನ್‌ಗೆ ಮಿತಿಯಿಲ್ಲ.

ಹಂತ 9: ಬಿದ್ದ ಲೈನಿಗೆ ಅಂಟಿಕೊಂಡ ಕನೆಕ್ಷನ್‌ಗಳು

ಎಲ್ಲ ಹಾಕಿ, 50ರ ಫೈಬರ್ ಕಿತ್ತು ನೋಡಿದಾಗ ಹೊಸ ಪೇಜುಗಳು ಕೂಡಲೇ ಬೇರೆ ಲೈನಿನಲ್ಲಿ ತೆರೆದವು. ವಿಪಿಎನ್ ಮಾತ್ರ ಸತ್ತೇ ಇತ್ತು, ಎಷ್ಟು ಹೊತ್ತು ಕಾದರೂ ಏಳಲಿಲ್ಲ. ವಿನ್‌ಬಾಕ್ಸ್‌ನಲ್ಲಿ (ಹೆಕ್ಸ್ ಸಂಭಾಳಿಸುವ ಸಾಫ್ಟ್‌ವೇರ್) ಕನೆಕ್ಷನ್ ಪಟ್ಟಿ ತೆರೆದರೆ ಕಾರಣ ಕಣ್ಣೆದುರೇ ಇತ್ತು. ಯುಡಿಪಿ 4500ರ ಆ ಸಾಲು ಹಳೆಯ ಲೈನಿನ ವಿಳಾಸವನ್ನೇ ಹೊತ್ತುಕೊಂಡು ಹೊಸ ಲೈನಿನಲ್ಲಿ ಹೊರಗೆ ಹೋಗುತ್ತಿತ್ತು. ಕ್ಲೈಂಟ್ ಆಗಾಗ ಕಳಿಸುವ ಕೀಪ್‌ಅಲೈವ್ ಪ್ಯಾಕೆಟ್ಟು ಆ ಸಾಲಿನ ಆಯುಸ್ಸನ್ನು ಪ್ರತಿ ಸಲ ಹೊಸದು ಮಾಡುತ್ತಿತ್ತು, ಹಾಗಾಗಿ ಅದು ತಾನಾಗಿ ಅಳಿಯುವುದೇ ಇಲ್ಲ. ಪಿಪಿಪಿಒಇ ಲೈನಿನಲ್ಲಿ ಇಂಟರ್ಫೇಸೇ ಬೀಳುವುದರಿಂದ ಮಾಸ್ಕರೇಡ್ (ಹೆಕ್ಸ್‌ನ ನ್ಯಾಟ್ ನಿಯಮ) ಹಳೆಯ ಸಾಲುಗಳನ್ನು ತೆಗೆಯುತ್ತದೆ. ಒಎನ್‌ಟಿಯ ಹಿಂದಿನ ಲೈನಿನಲ್ಲಿ ಈಥರ್ನೆಟ್ ಬೀಳುವುದಿಲ್ಲವಲ್ಲ.

ಪರಿಹಾರ ಒಂದೇ ಸಾಲು. "ಡೌನ್" ಸ್ಕ್ರಿಪ್ಟ್ ರೂಟ್ ಆಫ್ ಮಾಡಿದ ಮೇಲೆ, ಆ ಲೈನಿನ ಗುರುತಿರುವ ಎಲ್ಲ ಕನೆಕ್ಷನ್‌ಗಳನ್ನು ಪಟ್ಟಿಯಿಂದ ಅಳಿಸುತ್ತದೆ. ಮತ್ತೆ ಫೈಬರ್ ಕಿತ್ತು ನೋಡಿದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ವಿಪಿಎನ್ ತಾನೇ ಎದ್ದಿತು. ಲೈನು ವಾಪಸ್ ಬಂದಾಗ ಮಾತ್ರ ಏನನ್ನೂ ಅಳಿಸುವುದಿಲ್ಲ. ನಡೆಯುತ್ತಿರುವ ಮೀಟಿಂಗು ಇದ್ದ ದಾರಿಯಲ್ಲೇ ಮುಗಿಯಲಿ, ಹೊಸವು ಹೊಸ ದಾರಿ ಹಿಡಿಯಲಿ.

ಲೋಡ್ ಬ್ಯಾಲೆನ್ಸಿಂಗ್ ಮಾಡಿಕೊಟ್ಟೆವು ಎನ್ನುವವರು ಬಹಳ ಮಂದಿ ಈ ಒಂದು ಹಂತವನ್ನು ಬಿಟ್ಟಿರುತ್ತಾರೆ. ಬೇರೆಯವರಿಂದ ಮಾಡಿಸಿಕೊಳ್ಳುವುದಾದರೆ ವೀಡಿಯೋ ಕಾಲ್ ಮಾತಾಡುತ್ತಾ ಫೈಬರ್ ಕೀಳಿಸಿ ನೋಡಿ. ಸ್ಪೀಡ್ ಟೆಸ್ಟ್ ತೋರಿಸಿದರೆ ಒಪ್ಪಬೇಡಿ.

ಹಂತ 10: ಎಂಟಿಯು

ಎಂಟಿಯು ಅಂದರೆ ಒಂದು ದಾರಿಯಲ್ಲಿ ದಾಟಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. 4ಜಿಯಲ್ಲಿ ಮಾತ್ರ ಕೆಲವು ಸೈಟುಗಳು ತೆರೆಯುವಂತೆ ಮಾಡಿ ಬಿಳಿ ಪೇಜಿಗೆ ನಿಲ್ಲುತ್ತಿದ್ದವು. ತುಂಡು ಮಾಡಬೇಡ ಎಂಬ ಗುರುತಿನೊಂದಿಗೆ ಪಿಂಗ್ ಕಳಿಸಿ ಅಳೆದೆ. 1472 ಬೈಟ್ ದಾಟಲಿಲ್ಲ, ಇಳಿಸುತ್ತಾ ಬಂದರೆ 1402 ದಾಟಿತು. ತಲೆಭಾಗದ 28 ಸೇರಿಸಿದರೆ ದಾರಿಯ ಎಂಟಿಯು 1430. ಅದರಲ್ಲಿ 40 ಕಳೆದು, 4ಜಿಯಿಂದ ಹೊರಹೋಗುವ ಟಿಸಿಪಿಗೆ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ತುಂಬುವ ಡೇಟಾ) 1390 ಎಂದು ಮ್ಯಾಂಗಲ್‌ನಲ್ಲಿ ಬಿಗಿದೆ. ಪಿಪಿಪಿಒಇಯ ಎಂಟಿಯು 1492, ಎಂಎಸ್‌ಎಸ್ 1452. ಅದನ್ನು ಪಿಪಿಪಿ ಪ್ರೊಫೈಲೇ ನೋಡಿಕೊಳ್ಳುತ್ತದೆ.

ಈಗಿನ ಸ್ಥಿತಿ

ಗಾಳಿ ಜೋರಾದ ದಿನ ನಿರೀಕ್ಷಿಸಿದ್ದೇ ಆಯಿತು, ಕೊಂಬೆ ಬಿದ್ದು ಎರಡೂ ಫೈಬರ್ ಒಟ್ಟಿಗೆ ಹೋದವು. ಟಿವಿ ನಿಂತಿತು, ಆಫೀಸು ಮತ್ತು ವಿಪಿಎನ್ 4ಜಿಯಲ್ಲಿ ನಡೆದವು. ಕತ್ತಲಾಗುವ ಹೊತ್ತಿಗೆ ಒಂದು ಲೈನು ಬಂದಿತು, ಮರುದಿನ ಇನ್ನೊಂದು. ಯಾರೂ ಮೊಬೈಲಿನಲ್ಲಿ ವೈಫೈ ಬದಲಿಸಲಿಲ್ಲ. "ಎರಡೂ ಹೋಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ರೈಟರು ಟಿವಿ ಬರಲ್ಲ ಅಂದಾಗ ಗೊತ್ತಾಯ್ತು," ಎಂದು ಚಿಕ್ಕಪ್ಪ ಫೋನಿನಲ್ಲಿ ಹೇಳಿದರು.

ಕಾನ್ಫಿಗ್ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ನನ್ನಲ್ಲಿ, ಒಂದು ಆಫೀಸಿನ ಪೆನ್‌ಡ್ರೈವಿನಲ್ಲಿ ಇಟ್ಟಿದೆ. ಪೆಟ್ಟಿಗೆಯ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ: ಯಾವ ಪೋರ್ಟು ಯಾವ ಲೈನು, ಎಲ್‌ಒಎಸ್ ಕೆಂಪಾದರೆ ಯಾರಿಗೆ ಫೋನ್, ಮತ್ತು ಹೆಕ್ಸ್‌ನ ಸ್ವಿಚ್ಚನ್ನು ಆರಿಸಬೇಡಿ ಎಂದು ದೊಡ್ಡ ಅಕ್ಷರದಲ್ಲಿ.

ಬಾಕಿ ಇರುವುದು ಐಪಿವಿ6, ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ. 100ರ ಲೈನು ಅದನ್ನು ಕೊಡುತ್ತದೆ. ಮನೆಯೊಳಗೆ ಬಿಟ್ಟರೆ ಮೊಬೈಲುಗಳು ಅದನ್ನೇ ಮೊದಲು ಹಿಡಿಯುತ್ತವೆ, ಮೇಲೆ ಬರೆದ ಐಪಿವಿ4ರ ನಿಯಮಗಳಿಗೆ ಸಿಗದೆ ಎಲ್ಲ ಒಂದೇ ಲೈನಿನಲ್ಲಿ ಹೋಗುತ್ತದೆ. ಆ ಲೈನು ಬಿದ್ದಾಗ ಹಳೆಯ ಪ್ರಿಫಿಕ್ಸ್ (ಆ ಲೈನು ಕೊಟ್ಟ ವಿಳಾಸದ ಮೊದಲ ಭಾಗ) ಹಿಡಿದುಕೊಂಡು ನಿಲ್ಲುತ್ತವೆ. ಸದ್ಯಕ್ಕೆ ಆಫ್ ಮಾಡಿಟ್ಟಿದ್ದೇನೆ. ಮಳೆ ಕಡಿಮೆಯಾಗಿ ಕಾಫಿ ಕುಯ್ಲು ಶುರುವಾಗುವ ಮೊದಲು, ಹೋಂಸ್ಟೇ ಖಾಲಿ ಇರುವ ದಿನ ನೋಡಿ ಅದಕ್ಕೆ ಕೈ ಹಾಕಬೇಕು.